ಮುಖಪುಟದ ಮಹಾಭಾರತ: ಚಿತ್ರಕಾರ ಎಂ.ಟಿ.ವಿ. ಆಚಾರ್ಯ

ಕನ್ನಡ ಮಕ್ಕಳ ಸಾಹಿತ್ಯದ ಚರಿತ್ರೆ ಬಹುಮಟ್ಟಿಗೆ ಬರೆದವರ ಚರಿತ್ರೆಯಾಗಿದೆ. ಅಕ್ಷರ ಕೂಡಿಸಿ ಓದಲು ಇನ್ನೂ ಬಾರದ ಮಗುವಿಗೆ ಕಥೆಯ ಮೊದಲ ವ್ಯಾಖ್ಯಾನಕಾರ ಚಿತ್ರಕಾರನೇ. ಆದರೂ ಆತನ ಕೆಲಸವನ್ನು ಅಲಂಕಾರವೆಂದೇ ಬಗೆಯಲಾಗಿದೆ. ಎಂ.ಟಿ.ವಿ. ಆಚಾರ್ಯರ (1920-1992) ಚಿತ್ರಗಳ ಎದುರು ಈ ಗ್ರಹಿಕೆ ನಿಲ್ಲಲಾರದು.

1947ರ ಜುಲೈಯಲ್ಲಿ ಬಿ. ನಾಗಿರೆಡ್ಡಿ ಹಾಗೂ ಚಕ್ರಪಾಣಿ ಅವರು ಮದರಾಸಿನಲ್ಲಿ ಆರಂಭಿಸಿದ ‘ಚಂದಮಾಮ’ ತೆಲುಗು, ತಮಿಳುಗಳ ಬಳಿಕ ಕನ್ನಡದಲ್ಲೂ ಹೊರಬಂದಿತು. ಅದರ ಆರಂಭಿಕ ಘಟ್ಟದ ಪ್ರಮುಖ ಚಿತ್ರಕಾರರಲ್ಲಿ ಆಚಾರ್ಯರು ಒಬ್ಬರು. ಮಹಾಭಾರತದ ಸನ್ನಿವೇಶಗಳನ್ನು ಕುರಿತ ಅವರ ವರ್ಣಮಯ ಮುಖಪುಟಗಳೇ ಅವರಿಗೆ ಹೆಸರು ತಂದವು. ಎಲ್ಲ ಭಾಷೆಗಳ ಆವೃತ್ತಿಗಳಿಗೂ ಚಿತ್ರ ಒಂದೇ, ಬದಲಾಗುತ್ತಿದ್ದುದು ಅಕ್ಷರ ಮಾತ್ರ. ಆದ್ದರಿಂದ ಅವರ ಭೀಮ ಯಾವುದೇ ಒಂದು ಸೀಮೆಯವನಾಗಿ ಕಾಣುವಂತಿರಲಿಲ್ಲ.

ಈ ನಿರ್ಬಂಧದ ಪರಿಣಾಮವನ್ನು ಡೋಣಿ ನದಿಯ ದಡದ ತಾಳಿಕೋಟೆಯಂಥ ಊರಿನ ಕಣ್ಣಿನಿಂದ ನೋಡಬೇಕು. ವಿಜಾಪುರ ಸೀಮೆಯ ಮಗುವಿಗೆ ಪುರಾಣ ಕಣ್ಣಿಗೆ ಬಿದ್ದದ್ದು ದೊಡ್ಡಾಟದಲ್ಲಿ, ತೊಗಲುಗೊಂಬೆಯ ಪರದೆಯ ಮೇಲೆ. ಅಲ್ಲಿ ಭೀಮನನ್ನು ಗುರುತಿಸುವುದು ಕಿರೀಟ, ಭುಜಕೀರ್ತಿ, ಹೆಜ್ಜೆ, ಅಬ್ಬರಗಳಿಂದ. ತೊಗಲುಗೊಂಬೆಯ ಮುಖವಂತೂ ಸಾಮಾನ್ಯವಾಗಿ ಒಂದೇ ಪಾರ್ಶ್ವದ್ದು. ಆಚಾರ್ಯರಾದರೋ ಮಾಂಸಖಂಡ, ನೆರಳು, ದೂರ-ಸಾಮೀಪ್ಯಗಳನ್ನು ತಂದು, ವೇಷಕ್ಕಿಂತ ಮೈಯನ್ನು ಮುಂದಿಟ್ಟರು. ಆಟದ ಭೀಮ ಕುಣಿಯುತ್ತಾನೆ. ಮುಖಪುಟದ ಭೀಮ ಒಂದು ಕ್ಷಣದಲ್ಲಿ ತಡೆದು ನಿಂತಿದ್ದಾನೆ. ಆ ಕ್ಷಣ ಯಾವುದೆಂಬ ಆಯ್ಕೆ ಚಿತ್ರಕಾರನದು. ವ್ಯಾಖ್ಯಾನ ಅಡಗಿರುವುದು ಅಲ್ಲಿಯೇ. (ಇದನ್ನು ಹೆಚ್ಚು ನೈಜವೆನ್ನುವುದು ಆತುರದ ಮಾತಾದೀತು, ಈ ಮೈಕಟ್ಟಿನ ಹಿಂದೆ ರವಿವರ್ಮನ ರೂಢಿಯಿದೆ.)

ಚಂದಮಾಮದಲ್ಲಿ ಚಿತ್ರಾ, ವಡ್ಡಾದಿ ಪಾಪಯ್ಯ, 1950ರ ದಶಕದ ಆರಂಭದಲ್ಲಿ ಸೇರಿದ ಶಂಕರ್ ಮೊದಲಾದವರೂ ದುಡಿದರು. ಬೇತಾಳನನ್ನು ಹೆಗಲಿಗೇರಿಸಿಕೊಂಡ ವಿಕ್ರಮನ ಚಿತ್ರದಿಂದ ಶಂಕರ್ ಮನೆಮಾತಾದರು. ಆಚಾರ್ಯರು ಪತ್ರಿಕೆಯನ್ನು ಬಿಟ್ಟ ಬಳಿಕ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನವನ್ನು ನಡೆಸಿ, ಅಂಚೆಯ ಮೂಲಕ ಚಿತ್ರಕಲೆಯ ಪಾಠ ಹೇಳಿದರು. ಕಲಾಶಾಲೆಯಿಲ್ಲದ ಊರುಗಳ ಹುಡುಗರಿಗೆ ಅಂಚೆಯ ಪಾಠ ದೊಡ್ಡ ಅನುಕೂಲ. ಅವರ ಬದುಕಿನ ಈ ಭಾಗ ಪ್ರತ್ಯೇಕ ಅಧ್ಯಯನಕ್ಕೆ ಅರ್ಹವಾಗಿದೆ.

ಇಂಥ ಅಧ್ಯಯನಕ್ಕೆ ಇರುವ ತೊಡಕು ಆಕರದ್ದು. ಮಾಸಪತ್ರಿಕೆಗಳನ್ನು ಸಂಪುಟವಾಗಿ ಕಟ್ಟಿಸುವಾಗ ಮುಖಪುಟವನ್ನು ತೆಗೆದುಹಾಕುವ ರೂಢಿ ಗ್ರಂಥಾಲಯಗಳಲ್ಲಿತ್ತು. ಒಳಪುಟದ ಕಥೆ ಉಳಿಯಿತು. ಆಚಾರ್ಯರ ಮಹಾಭಾರತವಿದ್ದದ್ದು ಹರಿದು ತೆಗೆದ ಆ ಹಾಳೆಯ ಮೇಲೆ.