ರಜೆಗೆ ಬಂದ ಹಲ್ಲು

ಡಿಸೆಂಬರ್ ಕೊನೆಯ ವಾರ. ಕೊಪ್ಪದಲ್ಲಿ ಬೆಳಗ್ಗೆ ಹತ್ತಾದರೂ ಮಂಜು ಪೂರ್ತಿ ಹರಿದಿಲ್ಲ. ಅಡಿಕೆ ಕೊಯ್ಲಿನ ಭರಾಟೆ. ಕೊನೆ ಇಳಿಸುವವರು, ಸುಲಿಯುವವರು, ಬೇಯಿಸುವವರು, ಯಾರಿಗೂ ಪುರಸೊತ್ತಿಲ್ಲ. ಆದರೂ ಪೇಟೆಯ ಮಹಡಿ ಮೇಲಿನ ಹಲ್ಲಿನ ಕ್ಲಿನಿಕ್ಕಿನ ಬಾಗಿಲಲ್ಲಿ ಚಪ್ಪಲಿಗಳ ರಾಶಿ. ಕೆಂಪು ಮಣ್ಣು ಮೆತ್ತಿದ ಹವಾಯಿಗಳ ನಡುವೆ ದಪ್ಪ ಅಟ್ಟೆಯ ಬಿಳಿ ಶೂ ಕಂಡರೆ, ಯಾರದೋ ಮನೆಗೆ ‘ಫಾರಿನ್ನಿನವರು’ ಬಂದಿದ್ದಾರೆಂದೇ ಲೆಕ್ಕ.

ಒಳಗೆ ಗೋಡೆಗೆ ತಾಗಿದ ಬೆಂಚು. ನ್ಯೂಜೆರ್ಸಿಯಿಂದ ಬಂದ ಹುಡುಗ ಎಡಗೆನ್ನೆ ಒತ್ತಿಕೊಂಡು ಕೂತಿದ್ದಾನೆ. ಪಕ್ಕದಲ್ಲಿ ಅಮ್ಮ. ಎದುರು ಕೂತ ಹಿರಿಯರು ಗುರುತು ಹಿಡಿದು ಮಾತಿಗೆಳೆಯುತ್ತಾರೆ.

“ಅಲ್ಲಿ ಹಲ್ಲಿನ ಡಾಕ್ಟ್ರು ಇಲ್ವೇನಾ ಮಾರಾಯಾ?”

“ಇದ್ದಾರೆ ಮಾವ. ಅವರ ಬಿಲ್ಲು ನೋಡಿದ್ರೆ ಗಟ್ಟಿ ಇರೋ ಹಲ್ಲೂ ಅಲ್ಲಾಡ್ತದೆ.”

ಬೆಂಚಿನಲ್ಲಿದ್ದವರೆಲ್ಲ ನಗುತ್ತಾರೆ. ಅವನಿಗೆ ಮಾತ್ರ ಬಾಯಿ ತೆರೆದು ನಗಲೂ ಆಗುವುದಿಲ್ಲ.

ಹುಡುಗ ಹೇಳಿದ್ದರಲ್ಲಿ ಒಗ್ಗರಣೆ ಕಡಿಮೆ. ಅಮೆರಿಕದಲ್ಲಿ ಆರೋಗ್ಯ ವಿಮೆ ಬೇರೆ, ಹಲ್ಲಿನ ವಿಮೆಯೇ ಬೇರೆ. ಅದಕ್ಕೂ ವರ್ಷಕ್ಕೆ ಇಷ್ಟೇ ಎಂಬ ಮಿತಿ. ಹಲವು ಪಾಲಿಸಿಗಳಲ್ಲಿ 1,000ದಿಂದ 2,000 ಡಾಲರ್. ಒಂದು ದವಡೆ ಹಲ್ಲಿಗೆ ರೂಟ್ ಕೆನಾಲ್ ಮಾಡಿಸಿ ಕ್ಯಾಪ್ ಹಾಕಿಸುವಷ್ಟರಲ್ಲಿ ವರ್ಷದ ಮಿತಿ ಮುಗಿದಿರುತ್ತದೆ. ಇಂಗ್ಲೆಂಡಿನ ಸರ್ಕಾರಿ ವ್ಯವಸ್ಥೆಯಲ್ಲೇ ಕ್ಯಾಪ್ ಇರುವ ಚಿಕಿತ್ಸೆಗೆ 2025ರ ಏಪ್ರಿಲ್‌ನಿಂದ 326.70 ಪೌಂಡ್ ಕೊಡಬೇಕಿತ್ತು. ಅದೂ ಹೊಸಬರನ್ನು ಸೇರಿಸಿಕೊಳ್ಳುವ ಡಾಕ್ಟರ್ ಸಿಕ್ಕರೆ. ಆಸ್ಟ್ರೇಲಿಯಾದ ಮೆಡಿಕೇರ್ ದೊಡ್ಡವರ ಸಾಮಾನ್ಯ ಹಲ್ಲಿನ ಚಿಕಿತ್ಸೆಯ ತಂಟೆಗೇ ಬರುವುದಿಲ್ಲ. ಹೀಗಾಗಿ ಮಾತ್ರೆ ನುಂಗುವುದು, ‘ಊರಿಗೆ ಹೋದಾಗ ನೋಡಿಸಿದರಾಯ್ತು’ ಎಂದು ದಿನ ತಳ್ಳುವುದು. ಹುಳುಕಿಗೆ ರಜೆಯ ಪಟ್ಟಿ ಗೊತ್ತಿಲ್ಲವಲ್ಲ. ಅದು ತನ್ನ ಪಾಡಿಗೆ ಬೇರಿಗಿಳಿದಿರುತ್ತದೆ.

ಈ ಸೀಮೆಯ ಅನೇಕ ಮನೆಗಳಲ್ಲಿ ಹೊರಗೆ ಹೋದವರಿದ್ದಾರೆ. ಶೃಂಗೇರಿ, ಕೊಪ್ಪದ ತೋಟಗಳಿಗೆ ಹಳದಿ ಎಲೆ ರೋಗ ಹೊಕ್ಕ ಮೇಲೆ ಮಕ್ಕಳನ್ನು ಓದಿಸಿ ಕಳಿಸುವುದೇ ಬೆಳೆ ವಿಮೆಯಾಯಿತು. ಭದ್ರಾ ಹಿನ್ನೀರಿನಾಚೀಚೆ, ನರಸಿಂಹರಾಜಪುರದ ಕಡೆ, ರಬ್ಬರ್ ಹಾಕಿಕೊಂಡು ನೆಲೆನಿಂತ ಮಲಯಾಳಿ ಕುಟುಂಬಗಳ ಹೆಣ್ಣುಮಕ್ಕಳು ನರ್ಸುಗಳಾಗಿ ಗಲ್ಫಿಗೂ ಯುರೋಪಿಗೂ ಹೋದರು. ಅವರು ಕಳಿಸಿದ ದುಡ್ಡಿನಲ್ಲಿ ಇಲ್ಲಿ ಅಮ್ಮನಿಗೆ ಹಲ್ಲಿನ ಸೆಟ್ಟು. ಸೆಟ್ಟು ಬಂದರೂ ಎಲೆಯಡಿಕೆಯ ಕವಳ ಬಿಡುವುದಿಲ್ಲ, ಅದು ಬೇರೆ ಮಾತು. ಅಡಿಕೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಸಂಶೋಧನಾ ಅಂಗ 2004ರಲ್ಲೇ ವರದಿ ಪ್ರಕಟಿಸಿತು. ಅಡಿಕೆಯಿಂದಲೇ ಉಣ್ಣುವ ಊರಿನಲ್ಲಿ ಡಾಕ್ಟರು ಅದನ್ನು ದನಿ ತಗ್ಗಿಸಿಯೇ ಹೇಳಬೇಕು.

ಹುಡುಗನ ಸರದಿ ಬಂತು. ಕುರ್ಚಿ ಹಿಂದಕ್ಕೆ ವಾಲುತ್ತದೆ, ಲೈಟು ಬಾಯೊಳಗೆ ಇಳಿಯುತ್ತದೆ. ಕೊರೆಯುವ ಯಂತ್ರ ಕೀಂ ಎನ್ನುವಷ್ಟರಲ್ಲಿ ಕರೆಂಟು ಹೋಗಿ, ಮರುಕ್ಷಣ ಯುಪಿಎಸ್ ಕೈಹಿಡಿಯುತ್ತದೆ. ಬೇರಿನ ಕೊಳವೆಯೊಳಗೆ ಕೂದಲಿನಷ್ಟು ತೆಳುವಾದ ಸೂಜಿಯನ್ನು ಇಳಿಸಿ, ತಿರುಗಿಸಿ, ಹೊರಗೆಳೆದು, ಒರೆಸಿ, ಮತ್ತೆ ಇಳಿಸುತ್ತಾರೆ. ಒಂದು ದವಡೆ ಹಲ್ಲಿಗೆ ಅಂಥ ಮೂರೋ ನಾಲ್ಕೋ ಕೊಳವೆ. ಸದ್ಯಕ್ಕೆ ತಾತ್ಕಾಲಿಕ ಸಿಮೆಂಟು. ಮುಂದಿನ ಸಲ ಟ್ರೇಯಲ್ಲಿ ಕಲಸಿದ ಹಿಟ್ಟು ಕಚ್ಚಿಸಿ ಅಚ್ಚು ತೆಗೆಯಬೇಕು, ಅದು ಲ್ಯಾಬಿಗೆ ಹೋಗಿ ಕ್ಯಾಪಾಗಿ ವಾಪಸು ಬರಬೇಕು.

ಇಷ್ಟನ್ನು ಮೂರು ವಾರದ ರಜೆಯಲ್ಲಿ ಮುಗಿಸಬಹುದು, ಮೊದಲ ವಾರವೇ ಬಂದರೆ. ಆದರೆ ಮೊದಲ ವಾರ ಶೃಂಗೇರಿಯಲ್ಲಿ ಶಾರದಾಂಬೆ ದರ್ಶನ, ತುಂಗೆಯ ಮೀನುಗಳಿಗೆ ಮಂಡಕ್ಕಿ. ಎರಡನೆಯದು ಮದುವೆಗೆ. ಹಲ್ಲಿಗೆ ಉಳಿಯುವುದು ಹೊರಡುವ ಮುನ್ನಿನ ನಾಲ್ಕು ದಿನ. ಇಂಪ್ಲಾಂಟ್ ಕೇಳಿಕೊಂಡು ಬರುವವರದು ಇನ್ನೂ ಫಜೀತಿ. ದವಡೆಯೆಲುಬು ಟೈಟಾನಿಯಂ ತಿರುಪಿನ ಜೊತೆ ಬೆಸೆದುಕೊಳ್ಳಲು ಸಾಮಾನ್ಯವಾಗಿ ಮೂರರಿಂದ ಆರು ತಿಂಗಳು. ಸ್ವೀಡನ್ನಿನ ವೈದ್ಯ ಬ್ರೋನೆಮಾರ್ಕ್ ಮೊದಲ ರೋಗಿಗೆ ಅದನ್ನು ಕೂರಿಸಿದ್ದು 1965ರಲ್ಲಿ. ಅದೇ ವರ್ಷ ಮಣಿಪಾಲದಲ್ಲಿ ದಂತವೈದ್ಯ ಕಾಲೇಜು ಶುರುವಾಯಿತು. ಇಲ್ಲಿ ಆಗದ್ದಕ್ಕೆ ಈಗಲೂ ಜನ ಆಗುಂಬೆ ಘಾಟಿಯ ತಿರುವುಗಳನ್ನಿಳಿದು ಅಲ್ಲಿಗೆ ಹೋಗುವುದುಂಟು, ಇಲ್ಲವೇ ಶಿವಮೊಗ್ಗಕ್ಕೆ.

ಅರೆಬರೆ ಹಲ್ಲಿನಲ್ಲಿ ವಿಮಾನ ಹತ್ತುವುದೂ ಕ್ಷೇಮವಲ್ಲ. ಹಾರುವ ವಿಮಾನದೊಳಗಿನ ಗಾಳಿಯ ಒತ್ತಡ 6,000ದಿಂದ 8,000 ಅಡಿ ಎತ್ತರದಲ್ಲಿರುವಷ್ಟೇ. ನಮ್ಮ ಮುಳ್ಳಯ್ಯನಗಿರಿಯ ತುದಿ ಸುಮಾರು 6,300 ಅಡಿ. ತುಂಬಿದ ಸಿಮೆಂಟಿನಡಿ ಗಾಳಿ ಸಿಕ್ಕಿಕೊಂಡಿದ್ದರೆ ಆ ಎತ್ತರದಲ್ಲಿ ಅದು ಹಿಗ್ಗಿ ನೋವೆಬ್ಬಿಸಬಹುದು, ಸಮುದ್ರದ ಮೇಲೆ, ನಡುರಾತ್ರಿ.

ಬೆಂಚಿನ ತುದಿಯಲ್ಲಿ ಇನ್ನೊಬ್ಬ ಪರದೇಶಿ ಕೂತಿದ್ದಾನೆ; ಅವನನ್ನು ಯಾರೂ ಮಾತಾಡಿಸಿಲ್ಲ. ಬಾಳೆಹೊನ್ನೂರು ಕಡೆಯ ಕಾಫಿ ತೋಟಕ್ಕೆ ಹಣ್ಣು ಕೊಯ್ಯಲು ಅಸ್ಸಾಮಿನಿಂದ ಬಂದವನು. ಅವರ ಊರಲ್ಲೂ ಅಡಿಕೆ ಜಗಿಯುತ್ತಾರೆ, ತಾಮೂಲ್ ಅಂತ. ಹಲ್ಲಿನ ಕೆಂಪು ನೋಡಿದರೆ ಇಲ್ಲಿಯವನೇ ಅನ್ನಬೇಕು. ಅವನಿಗೆ ವಿಮೆಯೂ ಇಲ್ಲ, ಮೂರು ವಾರವೂ ಇಲ್ಲ. ಇರುವುದು ಭಾನುವಾರ ಒಂದೇ. ಉಳಿಸಬಹುದಾದ ಹಲ್ಲು ಅಂತ ಡಾಕ್ಟರು ಹರಕು ಹಿಂದಿಯಲ್ಲಿ ವಿವರಿಸಿದರು. ಎರಡು ಮೂರು ಸಲ ಬರಬೇಕಾಗುತ್ತದೆ ಎಂದಾಗ ಅವನು ತಲೆ ಅಲ್ಲಾಡಿಸಿದ: “ನಿಕಾಲ್ ದೋ ಸಾಬ್.” ಹತ್ತು ನಿಮಿಷದಲ್ಲಿ ಹತ್ತಿ ಕಚ್ಚಿಕೊಂಡು ಮೆಟ್ಟಿಲಿಳಿದ.

ರಜೆಗೆ ಬರುವ ಮಕ್ಕಳು ಟಿಕೆಟ್ ಬುಕ್ ಮಾಡಿದ ದಿನವೇ ಡಾಕ್ಟರಿಗೂ ಒಂದು ಫೋನು ಮಾಡಲಿ, ಎಕ್ಸ್‌ರೇ ಇದ್ದರೆ ಮುಂಚೆಯೇ ಕಳಿಸಲಿ. ಅಷ್ಟು ಅವರ ಕೈಯಲ್ಲೇ ಇದೆ. ತೋಟದ ಯಜಮಾನರಲ್ಲಿ ಇನ್ನೊಂದು ಅರಿಕೆ: ಹಲ್ಲುನೋವೆಂದು ಆಳು ಬಂದು ನಿಂತರೆ, ಸಂಬಳ ಮುರಿಯದೆ ಎರಡು ಅರ್ಧ ದಿನ ಬಿಟ್ಟುಕೊಡಿ.