ವೇಗದ ಕಾರಿನಲ್ಲಿ ಪಕ್ಕದ ಸೀಟು

"ಡಾಕ್ಟ್ರೇ, ಇಲ್ಲೊಂದು ಸಹಿ ಹಾಕಿಬಿಡಿ" ಎನ್ನುತ್ತ ಮೂವತ್ತೆರಡು ವಯಸ್ಸಿನ ಎಂಜಿನಿಯರೊಬ್ಬರು ವೈದ್ಯಕೀಯ ಪ್ರಮಾಣಪತ್ರದ ನಮೂನೆಯನ್ನು ನನ್ನ ಮೇಜಿನ ಮೇಲಿಟ್ಟರು. ಚೆನ್ನೈ ಬಳಿಯ ಇರುಂಗಾಟುಕೊಟ್ಟೈ, ಕೊಯಮತ್ತೂರು ಬಳಿಯ ಕಾರಿ ರೇಸ್ ಟ್ರ್ಯಾಕ್‌ಗಳಲ್ಲಿ 'ಟ್ರ್ಯಾಕ್ ಡೇ' ಎಂದು ನಡೆಯುತ್ತದೆ. ಹಣ ಕಟ್ಟಿದವರು ತಮ್ಮ ಕಾರನ್ನು ಅಲ್ಲಿ ಮನಸಾರೆ ಓಡಿಸಬಹುದು, ಪೈಪೋಟಿ ಇಲ್ಲ. ಹೊಸಬರ ಪಕ್ಕ ಕುಳಿತು ಕಲಿಸುವ ತರಬೇತುದಾರರಾಗುವುದು ಇವರ ಆಸೆ.

ಒಳ್ಳೆಯ ಆಸೆಯೇ. ವೇಗದ ಚಪಲಕ್ಕೆ ಹೆದ್ದಾರಿಗಿಂತ ಟ್ರ್ಯಾಕ್ ಲೇಸು. ದಿನವಿಡೀ ಇನ್ನೊಬ್ಬರಿಗೆ ಬ್ರೇಕಿನ ಪಾಠ ಹೇಳುವವರ ಸ್ವಂತ ಚಾಲನೆಯೂ ಶಿಸ್ತಿಗೆ ಬರುತ್ತದೆ.

ಆದರೆ ದೇಹ ತೆರುವ ಬೆಲೆ ಉಂಟು. ತಿರುವು ಯಾವಾಗ ಬರುತ್ತದೆಂದು ಚಾಲಕನ ಮೆದುಳಿಗೆ ಮೊದಲೇ ಗೊತ್ತು, ಪಕ್ಕದವರಿಗೆ ಗೊತ್ತಿಲ್ಲ. ಆದ್ದರಿಂದ ವಾಂತಿ, ತಲೆಸುತ್ತು ಬರುವುದು ಪಕ್ಕದವರಿಗೇ ಹೆಚ್ಚು. ಅದಕ್ಕೆ ನುಂಗುವ ಮಾತ್ರೆಗಳು ತೂಕಡಿಕೆ ತರುತ್ತವೆ, ಈ ಕೆಲಸಕ್ಕೆ ಸಲ್ಲವು. ಸುಮಾರು 5 ಕಿಲೋ ತೂಗುವ ತಲೆಯ ಮೇಲೆ ಒಂದೂವರೆ ಕಿಲೋ ಹೆಲ್ಮೆಟ್ ಹೊತ್ತು ತಿರುವು ತಿರುವಿಗೂ ಓಲಾಡಿದರೆ ಕುತ್ತಿಗೆ ಹಿಡಿಯದೆ ಇದ್ದೀತೆ? ಬಿಸಿಲಿನ ದಿನ ಹೆಲ್ಮೆಟ್ಟಿನೊಳಗೆ ಬೆವರು ಸುರಿಯುತ್ತದೆ. ಬಾಯಾರುವ ಮುನ್ನವೇ ನೀರು ಕುಡಿಯಬೇಕು, ಜೊತೆಗೆ ಉಪ್ಪು ಹಾಕಿದ ಮಜ್ಜಿಗೆ. ಇನ್ನು ವಿಮೆ: ವೃತ್ತಿಯಾಗಿ ಅಪಾಯಕಾರಿ ಕ್ರೀಡೆಗಿಳಿದು ಗಾಯಗೊಂಡರೆ ಅನೇಕ ಪಾಲಿಸಿಗಳು ಹಣ ಕೊಡುವುದಿಲ್ಲ. ಷರತ್ತುಗಳನ್ನು ಓದಿ ನೋಡಿ.

ಇಷ್ಟೆಲ್ಲ ಹೇಳಿ ಪೆನ್ನು ತೆಗೆಯುವಾಗ, "ಎಂದಾದರೂ ಎಚ್ಚರ ತಪ್ಪಿದ್ದುಂಟೆ?" ಎಂದು ಕೇಳಿದೆ. "ಹೋದ ವರ್ಷ ಬ್ಯಾಡ್ಮಿಂಟನ್ ಆಡುವಾಗ ಒಮ್ಮೆ ಬಿದ್ದಿದ್ದೆ. ಊಟ ಮಾಡಿರಲಿಲ್ಲ, ಅಷ್ಟೇ. ಅದನ್ನು ಬರೆಯಬೇಡಿ" ಎಂದರು.

ಬಿಸಿಲಲ್ಲಿ ಬಹಳ ಹೊತ್ತು ನಿಂತಾಗಲೋ, ರಕ್ತ ನೋಡಿಯೋ ಬವಳಿ ಬಂದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಆಟದ ನಡುವೆ, ಓಡುತ್ತಿರುವಾಗಲೇ ಬಿದ್ದರೆ ಅದು ಬೇರೆ. ಹೃದಯದ ಸ್ನಾಯು ದಪ್ಪವಾಗಿರುವುದು, ಬಡಿತದ ಲಯ ತಪ್ಪುವುದು ಯುವಕರಲ್ಲೂ ಹೀಗೆಯೇ ಮೊದಲು ತಲೆದೋರಬಹುದು. ಈಸಿಜಿ, ಎಕೋ ಮಾಡಿಸದೆ ನಿಶ್ಚಿಂತರಾಗುವಂತಿಲ್ಲ. ಗ್ರಾಹಕರ ಕಾರಿನಲ್ಲಿ ತರಬೇತುದಾರರ ಕಡೆ ಬ್ರೇಕ್ ಇರುವುದಿಲ್ಲ, ಅವರಿಗಿರುವುದು ಬಾಯಿ ಮಾತೊಂದೇ. ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಆ ಮಾತು ನಿಂತು, ಮೈ ಚಾಲಕನ ತೋಳಿನ ಮೇಲೆ ವಾಲಿದರೆ?

ಎರಡೂ ಪರೀಕ್ಷೆ ಬರೆದುಕೊಟ್ಟೆ. ಮುಖ ಗಂಟಿಕ್ಕಿಕೊಂಡೇ ಚೀಟಿ ತೆಗೆದುಕೊಂಡು ಹೋದರು. ಸಹಿಯಿಲ್ಲದ ನಮೂನೆ ಎರಡು ವಾರದಿಂದ ನನ್ನ ಮೇಜಿನ ಮೇಲೆಯೇ ಇದೆ.