ಬೆಳಗಿನ ತಿಂಡಿ ಬಿಟ್ಟರೆ ತೂಕ ಇಳಿಯುವುದೇ? ತರಗತಿಯಲ್ಲಿ ಈ ಪ್ರಶ್ನೆಯನ್ನು ನಿರ್ವಹಿಸುವ ಬಗೆ

ಅಭ್ಯಾಸ ಬೋಧನೆಯ ದಿನಗಳಲ್ಲಿ ನಮ್ಮ ಜಿಲ್ಲೆಯ ಪ್ರಶಿಕ್ಷಣಾರ್ಥಿಗಳಿಗೆ ಬೆಳಗು ಬಲು ಬೇಗ ಆಗುತ್ತದೆ. ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳಿಂದ ಹಾಸನಕ್ಕೆ ಸುಮಾರು ಮೂವತ್ತರಿಂದ ನಲವತ್ತು ಕಿಲೋಮೀಟರು. ಊರಿನಿಂದ ಒಂದು ಬಸ್ಸು, ಅಲ್ಲಿಂದ ಶಾಲೆಗೆ ಇನ್ನೊಂದು ಬಸ್ಸು. ಪ್ರಾರ್ಥನೆಯ ಹೊತ್ತಿಗೆ ಮೈದಾನದಲ್ಲಿ ನಿಂತಿರಬೇಕು. ಪಾಠಯೋಜನೆ, ಚಾರ್ಟು, ಮಾದರಿಗಳೆಲ್ಲ ಚೀಲ ಸೇರುತ್ತವೆ, ತಿಂಡಿ ಮಾತ್ರ ಹೊಟ್ಟೆ ಸೇರುವುದಿಲ್ಲ. ಕೆಲವರಿಗೆ ಇದು ಅನಿವಾರ್ಯ. ಕೆಲವರು ‘ಹೇಗೂ ಸ್ವಲ್ಪ ಸಣ್ಣಗಾಗಬಹುದು’ ಎಂದು ಬೇಕೆಂದೇ ಬಿಡುತ್ತಾರೆ. ಅದೇ ಪ್ರಶಿಕ್ಷಣಾರ್ಥಿಗಳು ವಿಜ್ಞಾನದ ಪಾಠದಲ್ಲಿ ‘ತಿಂಡಿ ಬಿಟ್ಟರೆ ದಪ್ಪಗಾಗುತ್ತೀರಿ’ ಎಂದು ಮಕ್ಕಳಿಗೆ ಹೇಳುವುದೂ ಉಂಟು.

ಈ ಎರಡು ಮಾತುಗಳೂ ಒಟ್ಟಿಗೆ ನಿಜವಾಗಲಾರವು. ಯಾವುದು ನಿಜ ಎಂದು ವಿದ್ಯಾರ್ಥಿ ಎದ್ದು ನಿಂತು ಕೇಳಿದರೆ ಶಿಕ್ಷಕರ ಬಳಿ ಉತ್ತರವಿರಬೇಕು. ಈ ಲೇಖನದಲ್ಲಿ ಮೊದಲು ಸಂಶೋಧನೆಗಳು ಏನು ಹೇಳುತ್ತವೆ ಎಂಬುದನ್ನೂ, ಅನಂತರ ಅದನ್ನು ತರಗತಿಗೆ ಹೇಗೆ ತರಬೇಕು ಎಂಬುದನ್ನೂ ನೋಡೋಣ.

ಮೊದಲು ಒಂದು ಲೆಕ್ಕ

ದೇಹದ ತೂಕ ಯಾವುದೋ ಒಂದು ಹೊತ್ತಿನ ಊಟದಿಂದ ನಿರ್ಧಾರವಾಗುವುದಿಲ್ಲ. ವಾರಗಟ್ಟಲೆ, ತಿಂಗಳುಗಟ್ಟಲೆ ಒಳಗೆ ಹೋದ ಶಕ್ತಿ ಎಷ್ಟು, ಖರ್ಚಾದ ಶಕ್ತಿ ಎಷ್ಟು ಎಂಬುದೇ ಮುಖ್ಯ. ಒಂದು ಕಿಲೋ ದೇಹಕೊಬ್ಬು ಸುಮಾರು 7,700 ಕಿಲೋ ಕ್ಯಾಲೊರಿಗೆ ಸಮ. ಹಾಗಾಗಿ ಒಂದೆರಡು ದಿನ ತಿಂಡಿ ಬಿಟ್ಟು ತಕ್ಕಡಿಯ ಮೇಲೆ ನಿಂತರೆ ಕಾಣುವ ವ್ಯತ್ಯಾಸ ಬಹುತೇಕ ನೀರಿನದು ಮತ್ತು ಖಾಲಿ ಹೊಟ್ಟೆಯದು.

ಒಂದು ಉದಾಹರಣೆ ನೋಡಿ. ನೂರು ಗ್ರಾಂ ರಾಗಿ ಹಿಟ್ಟಿನಲ್ಲಿ ಸುಮಾರು 320 ಕಿಲೋ ಕ್ಯಾಲೊರಿ ಇದೆ. ಅಷ್ಟು ಹಿಟ್ಟಿನ ರೊಟ್ಟಿಯನ್ನು ಒಬ್ಬರು ಬೆಳಿಗ್ಗೆ ಬಿಟ್ಟರೆನ್ನೋಣ. ಹನ್ನೊಂದು ಗಂಟೆಗೆ ಹಸಿವು ತಡೆಯದೆ ಐವತ್ತು ಗ್ರಾಮಿನ ಬಿಸ್ಕತ್ತಿನ ಪೊಟ್ಟಣ ಬಿಚ್ಚಿದರೆ ಸುಮಾರು 230. ಎರಡು ಲೋಟ ಕಾಫಿಗೆ ನಾಲ್ಕು ಚಮಚ ಸಕ್ಕರೆ ಎಂದರೆ ಇಪ್ಪತ್ತು ಗ್ರಾಂ, ಅದು 80. ಉಳಿಸಿದ್ದೆಲ್ಲ ಅಲ್ಲಿಗೆ ಮುಗಿಯಿತು. ಜೊತೆಗೆ ರಾಗಿಯ ಕ್ಯಾಲ್ಸಿಯಂ, ನಾರು, ಚಟ್ನಿಯ ಹುಚ್ಚೆಳ್ಳು, ಪಲ್ಯದ ಸೊಪ್ಪು ಯಾವುದೂ ದಕ್ಕಲಿಲ್ಲ. ಆದರೆ ಬಿಸ್ಕತ್ತನ್ನೂ ಮುಟ್ಟದೆ, ಮಧ್ಯಾಹ್ನ ಎಂದಿನಷ್ಟೇ ಉಂಡವರಿಗೆ ಆ ದಿನ ಶಕ್ತಿಯ ಸೇವನೆ ಕಡಿಮೆಯಾಗಿದೆ ಎಂಬುದೂ ನಿಜ. ಸಾಮಾನ್ಯವಾಗಿ ಜನ ಈ ಎರಡರಲ್ಲಿ ಯಾವುದನ್ನು ಮಾಡುತ್ತಾರೆ? ಇದು ಊಹೆಯಿಂದ ತೀರ್ಮಾನಿಸುವ ಸಂಗತಿಯಲ್ಲ, ಪ್ರಯೋಗ ಮಾಡಿ ನೋಡಬೇಕಾದದ್ದು.

ಪ್ರಯೋಗಗಳು ಹೇಳಿದ್ದು

2014ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಹೆಚ್ಚು ತೂಕವಿದ್ದ 309 ವಯಸ್ಕರನ್ನು ಯಾದೃಚ್ಛಿಕವಾಗಿ ಮೂರು ಗುಂಪು ಮಾಡಲಾಯಿತು. ಒಂದು ಗುಂಪಿಗೆ ತಿಂಡಿ ತಿನ್ನಲು ಹೇಳಿದರು, ಇನ್ನೊಂದಕ್ಕೆ ಬಿಡಲು ಹೇಳಿದರು, ಮೂರನೆಯದಕ್ಕೆ ಸಾಮಾನ್ಯ ಪೋಷಣೆಯ ಸಲಹೆಯನ್ನಷ್ಟೇ ಕೊಟ್ಟರು. 16 ವಾರಗಳ ಬಳಿಕ ಮೂರು ಗುಂಪುಗಳ ತೂಕ ಇಳಿಕೆಯಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ.

2019ರಲ್ಲಿ ಆಸ್ಟ್ರೇಲಿಯಾದ ಮೊನಾಶ್ ವಿಶ್ವವಿದ್ಯಾಲಯದ ಸಂಶೋಧಕರು ಇಂಥ 13 ಪ್ರಯೋಗಗಳನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ತಿಂಡಿ ತಿಂದವರು ದಿನಕ್ಕೆ ಸರಾಸರಿ 260 ಕಿಲೋ ಕ್ಯಾಲೊರಿ ಹೆಚ್ಚು ಸೇವಿಸಿದ್ದರು. ಬಿಟ್ಟವರ ತೂಕ ಸರಾಸರಿ 0.44 ಕಿಲೋ ಕಡಿಮೆ ಇತ್ತು. ಅಂದರೆ ಬಿಟ್ಟ ತಿಂಡಿಯನ್ನು ಜನ ಮಧ್ಯಾಹ್ನ ಪೂರ್ತಿ ತುಂಬಿಕೊಳ್ಳಲಿಲ್ಲ. ಆದರೆ ಅರ್ಧ ಕಿಲೋ ಎಂಬುದು ಚಿಕ್ಕ ವ್ಯತ್ಯಾಸ. ಆ ಪ್ರಯೋಗಗಳು ಕೆಲವೇ ವಾರಗಳವು, ಅವುಗಳ ಗುಣಮಟ್ಟ ಅಷ್ಟೇನೂ ಉತ್ತಮವಲ್ಲ ಎಂದು ಸಂಶೋಧಕರೇ ಎಚ್ಚರಿಸಿದ್ದಾರೆ.

ಇಂಗ್ಲೆಂಡಿನ ಬಾತ್ ನಗರದಲ್ಲಿ ನಡೆದ ಆರು ವಾರಗಳ ಪ್ರಯೋಗ ಇನ್ನೊಂದು ಮುಖವನ್ನು ತೋರಿಸಿತು. ತಿಂಡಿ ತಿಂದವರು ದಿನದಲ್ಲಿ ಹೆಚ್ಚು ಓಡಾಡಿ ಹೆಚ್ಚು ಶಕ್ತಿ ಖರ್ಚು ಮಾಡಿದರು. ಬಿಟ್ಟವರು ಅವರಿಗೆ ಗೊತ್ತಿಲ್ಲದಂತೆಯೇ ಮಂದವಾದರು. ತೂಕದಲ್ಲಿ ಎರಡು ಗುಂಪುಗಳಿಗೂ ಹೇಳಿಕೊಳ್ಳುವ ಅಂತರವಿರಲಿಲ್ಲ. 2022ರಲ್ಲಿ ಸ್ಕಾಟ್ಲೆಂಡಿನ ಅಬರ್ಡೀನ್‌ನಲ್ಲಿ ಅಷ್ಟೇ ಕ್ಯಾಲೊರಿಯ ಆಹಾರವನ್ನು ಒಮ್ಮೆ ಬೆಳಿಗ್ಗೆ ಹೆಚ್ಚಾಗಿ, ಇನ್ನೊಮ್ಮೆ ರಾತ್ರಿ ಹೆಚ್ಚಾಗಿ ಕೊಟ್ಟು ನೋಡಿದರು. ತೂಕ ಇಳಿದದ್ದು ಎರಡರಲ್ಲೂ ಒಂದೇ. ಬೆಳಿಗ್ಗೆ ಹೆಚ್ಚು ತಿಂದಾಗ ಮಾತ್ರ ಹಸಿವು ಕಡಿಮೆ ಇತ್ತು.

ಇವೆಲ್ಲವನ್ನೂ ಸೇರಿಸಿ ಹೇಳುವುದಾದರೆ, ವಯಸ್ಕರಲ್ಲಿ ತಿಂಡಿ ಬಿಡುವುದು ತೂಕ ಇಳಿಸುವ ಮಂತ್ರವೂ ಅಲ್ಲ, ತೂಕ ಏರಿಸುವ ಶಾಪವೂ ಅಲ್ಲ. ದಿನದ ಒಟ್ಟು ಆಹಾರವೇ ನಿರ್ಣಾಯಕ. ಒಬ್ಬರಿಗೆ ಹಸಿವು ಹತೋಟಿಯಲ್ಲಿರಲು ಯಾವ ಕ್ರಮ ಒಗ್ಗುತ್ತದೋ ಅದೇ ಅವರ ಕ್ರಮ.

‘ಬಿಟ್ಟರೆ ದಪ್ಪಗಾಗುತ್ತಾರೆ’ ಎಂಬ ಮಾತು ಬಂದದ್ದೆಲ್ಲಿಂದ?

ಶೈಕ್ಷಣಿಕ ಸಂಖ್ಯಾಶಾಸ್ತ್ರದಲ್ಲಿ ನಾವು ಸಹಸಂಬಂಧವನ್ನು ಕಲಿಯುತ್ತೇವೆ. ಸಹಸಂಬಂಧವಿದೆ ಎಂದ ಮಾತ್ರಕ್ಕೆ ಕಾರಣ–ಪರಿಣಾಮ ಸಂಬಂಧವಿದೆ ಎಂದಲ್ಲ ಎಂಬ ಎಚ್ಚರಿಕೆಯನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳುತ್ತೇವೆ. ತಿಂಡಿಯ ವಿಷಯ ಅದಕ್ಕೆ ಒಳ್ಳೆಯ ನಿದರ್ಶನ. ಅನೇಕ ಸಮೀಕ್ಷೆಗಳಲ್ಲಿ ತಿಂಡಿ ಬಿಡುವವರಲ್ಲಿ ಸ್ಥೂಲಕಾಯದವರು ಹೆಚ್ಚು ಕಂಡರು. ಆದರೆ ತಿಂಡಿ ಬಿಡುವವರಲ್ಲಿ ಹಲವರು ತಡವಾಗಿ ಮಲಗುವವರು, ರಾತ್ರಿ ಪಾಳಿಯವರು, ಧೂಮಪಾನಿಗಳು, ವ್ಯಾಯಾಮ ಕಡಿಮೆ ಇರುವವರು. ಈಗಾಗಲೇ ದಪ್ಪಗಿರುವುದರಿಂದಲೇ ತಿಂಡಿ ಬಿಟ್ಟವರೂ ಅಲ್ಲಿದ್ದಾರೆ. ಹಾಗಿರುವಾಗ ಯಾವುದು ಕಾರಣ, ಯಾವುದು ಪರಿಣಾಮ?

ಇನ್ನೊಂದು ಪ್ರಸಿದ್ಧ ಅಂಕಿ: ಅಮೆರಿಕದಲ್ಲಿ ತೂಕ ಇಳಿಸಿಕೊಂಡು ಅದನ್ನು ಉಳಿಸಿಕೊಂಡ ಸುಮಾರು 3,000 ಜನರ ದಾಖಲೆಯಲ್ಲಿ ಶೇ. 78ರಷ್ಟು ಮಂದಿ ದಿನವೂ ತಿಂಡಿ ತಿನ್ನುತ್ತಿದ್ದರು ಎಂದು 2002ರಲ್ಲಿ ವರದಿಯಾಯಿತು. ಇದನ್ನು ‘ತಿಂಡಿ ತಿಂದದ್ದರಿಂದ ಇಳಿದರು’ ಎಂದು ಹಲವರು ಓದಿಕೊಂಡರು. ಇಳಿಸಲಾಗದವರಲ್ಲಿ ಎಷ್ಟು ಮಂದಿ ತಿಂಡಿ ತಿನ್ನುತ್ತಿದ್ದರು ಎಂಬ ಹೋಲಿಕೆಯ ಗುಂಪೇ ಅಲ್ಲಿರಲಿಲ್ಲ. ಕ್ರಿಯಾ ಸಂಶೋಧನೆ ಕೈಗೊಳ್ಳುವ ಪ್ರಶಿಕ್ಷಣಾರ್ಥಿಗಳು ಈ ಉದಾಹರಣೆಯನ್ನು ನೆನಪಿನಲ್ಲಿಡಬೇಕು.

ಮಕ್ಕಳ ಪ್ರಶ್ನೆ ಬೇರೆ

ಇಲ್ಲಿಯವರೆಗೆ ಹೇಳಿದ್ದು ಹೆಚ್ಚು ತೂಕದ ಅಥವಾ ಆರೋಗ್ಯವಂತ ವಯಸ್ಕರ ಮಾತು. ಅದನ್ನು ಹಾಗೇ ಆರನೆಯ ತರಗತಿಗೆ ಒಯ್ದರೆ ಅನಾಹುತ. ಬೆಳೆಯುವ ಮಗುವಿಗೆ ಬೇಕಾದದ್ದು ಬೆಳವಣಿಗೆ, ತೂಕ ಇಳಿಕೆಯಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 30 ಮಂದಿಗೆ ಅಧಿಕ ತೂಕ. ಅದೇ ಹೊತ್ತಿಗೆ ಸುಮಾರು ಶೇ. 17 ಮಂದಿಗೆ ತೂಕ ಕಡಿಮೆ, ಹತ್ತಿರಹತ್ತಿರ ಅರ್ಧದಷ್ಟು ಮಂದಿಗೆ ರಕ್ತಹೀನತೆ. ಒಂದೇ ಬೆಂಚಿನಲ್ಲಿ ಕೂತ ಇಬ್ಬರು ಹುಡುಗಿಯರ ಮನೆಗಳಲ್ಲಿ ಈ ಎರಡು ಸಮಸ್ಯೆಗಳೂ ಇರಬಹುದು. ‘ತಿಂಡಿ ಬಿಟ್ಟರೂ ನಡೆಯುತ್ತದೆ’ ಎಂಬ ಮಾತು ಯಾರ ಕಿವಿಗೆ ಹೇಗೆ ಬೀಳುತ್ತದೆ ಎಂದು ಶಿಕ್ಷಕರು ಯೋಚಿಸಬೇಕು.

ತಿಂಡಿಯಿಂದ ಕಲಿಕೆಗೆ ಆಗುವ ಪ್ರಯೋಜನದ ಬಗ್ಗೆಯೂ ಪ್ರಯೋಗವಿದೆ. 1998ರಲ್ಲಿ ಪ್ರಕಟವಾದ, ಜಮೈಕಾದ 16 ಗ್ರಾಮೀಣ ಶಾಲೆಗಳ 814 ಮಕ್ಕಳ ಅಧ್ಯಯನದಲ್ಲಿ ಒಂದು ಗುಂಪಿಗೆ ಶಾಲೆಯಲ್ಲೇ ತಿಂಡಿ, ಇನ್ನೊಂದಕ್ಕೆ ಕಾಲು ಭಾಗ ಕಿತ್ತಳೆ ಹಣ್ಣು ಕೊಟ್ಟರು. ಒಂದು ಶೈಕ್ಷಣಿಕ ವರ್ಷದಲ್ಲಿ ತಿಂಡಿ ಪಡೆದವರ ಹಾಜರಾತಿ, ಎತ್ತರ, ತೂಕ ಸ್ವಲ್ಪ ಹೆಚ್ಚಿದವು; ಚಿಕ್ಕ ತರಗತಿಯವರ ಗಣಿತವೂ ಸುಧಾರಿಸಿತು. ಇಲ್ಲಿ ತೂಕ ಹೆಚ್ಚಿದ್ದು ಲಾಭ ಎಂಬುದನ್ನು ಗಮನಿಸಿ.

ನಮ್ಮಲ್ಲೂ ಈ ಅರಿವು ಇದೆ. 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯದಲ್ಲಿ ಶಾಲಾ ಮಕ್ಕಳಿಗೆ 150 ಮಿಲಿ ಹಾಲು ಸಿಗುತ್ತದೆ. 2024ರಲ್ಲಿ ವಾರಕ್ಕೆ ಮೂರು ದಿನ ರಾಗಿ ಮಾಲ್ಟ್ ಸೇರಿತು. ತಮಿಳುನಾಡು 2022ರಿಂದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಬೆಳಗಿನ ತಿಂಡಿಯನ್ನೇ ಕೊಡುತ್ತಿದೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯೂ ಮಧ್ಯಾಹ್ನದೂಟದ ಜೊತೆಗೆ ತಿಂಡಿಯನ್ನು ಶಿಫಾರಸು ಮಾಡಿದೆ. ಬೆಳಿಗ್ಗೆ ಕೂಲಿಗೆ ಹೊರಟ ಮನೆಯ ಮಗುವಿಗೆ ಆ ಲೋಟದ ಹಾಲೇ ಆ ದಿನದ ಮೊದಲ ಆಹಾರವಾಗಿರಬಹುದು.

ತರಗತಿಯಲ್ಲಿ ಹೇಗೆ?

‘ಆಹಾರದ ಘಟಕಗಳು’ ಪಾಠದ ಮುಂದುವರಿಕೆಯಾಗಿ ಒಂದು ಅವಧಿಯ ಚಟುವಟಿಕೆಯನ್ನು ಹೀಗೆ ಯೋಜಿಸಬಹುದು.

1. ಪೀಠಿಕೆ. ‘ಹಾಸನದ ಬಸ್ ನಿಲ್ದಾಣದಲ್ಲಿ ಹೆಚ್ಚು ಕೊಡೆಗಳು ಕಂಡ ದಿನವೇ ಹೆಚ್ಚು ಮಳೆ. ಹಾಗಾದರೆ ಕೊಡೆಯಿಂದ ಮಳೆ ಬಂದಿತೇ?’ ಮಕ್ಕಳು ನಗುತ್ತಾರೆ. ಆ ನಗುವಿನಿಂದಲೇ ‘ಜೊತೆಗೆ ಇರುವುದು ಬೇರೆ, ಕಾರಣವಾಗುವುದು ಬೇರೆ’ ಎಂಬ ಅಂಶಕ್ಕೆ ಬನ್ನಿ.

2. ಕಾಲ್ಪನಿಕ ಕೋಷ್ಟಕ. ಎಂಟು ಕಾಲ್ಪನಿಕ ವಯಸ್ಕರ ತಿಂಡಿ, ನಿದ್ದೆ, ನಡಿಗೆ, ತೂಕಗಳನ್ನು ಹಲಗೆಯ ಮೇಲೆ ಬರೆಯಿರಿ. ತಿಂಡಿಯನ್ನು ಬಿಟ್ಟು ಬೇರೆ ಯಾವ ಕಾರಣಗಳಿರಬಹುದು ಎಂದು ಗುಂಪುಗಳಲ್ಲಿ ಹುಡುಕಲಿ.

3. ಪ್ರಯೋಗದ ವಿನ್ಯಾಸ. ಖಚಿತವಾಗಿ ತಿಳಿಯಲು ಏನು ಮಾಡಬೇಕು? ಚೀಟಿ ಎತ್ತಿ ಗುಂಪು ಮಾಡುವುದೇಕೆ? ಹೋಲಿಕೆಯ ಗುಂಪು ಏಕೆ ಬೇಕು? ಉತ್ತರಗಳನ್ನು ಮಕ್ಕಳಿಂದಲೇ ಹೊರಡಿಸಿ.

4. ಸ್ಥಳೀಯ ಆಹಾರ. ರೊಟ್ಟಿ, ಇಡ್ಲಿ, ಉಪ್ಪಿಟ್ಟು, ಚಿತ್ರಾನ್ನಗಳಿಗೆ ಏನು ಸೇರಿಸಿದರೆ ಪ್ರೋಟೀನು, ಸೊಪ್ಪು, ಕಾಳು ಸಿಗುತ್ತವೆ ಎಂದು ಪಟ್ಟಿ ಮಾಡಿಸಿ. ರಾತ್ರಿ ಉಳಿದ ಮುದ್ದೆಯನ್ನು ಮಜ್ಜಿಗೆಯಲ್ಲಿ ಕಲಸಿ ಕುಡಿದು ಹೊಲಕ್ಕೆ ಹೋಗುತ್ತಿದ್ದ ಹಿರಿಯರ ಕ್ರಮವನ್ನು ಮನೆಯಲ್ಲಿ ಕೇಳಿಕೊಂಡು ಬರಲಿ.

ಮಾಡಬಾರದ ಕೆಲಸಗಳೂ ಇವೆ. ‘ಇವತ್ತು ತಿಂಡಿ ತಿಂದವರು ಕೈ ಎತ್ತಿ’ ಎನ್ನಬೇಡಿ. ಎತ್ತದ ಕೈಯ ಹಿಂದೆ ಸೋಮಾರಿತನವಲ್ಲ, ಖಾಲಿ ಪಾತ್ರೆ ಇರಬಹುದು. ಮಕ್ಕಳನ್ನು ಎಲ್ಲರೆದುರು ತೂಗಬೇಡಿ. ದಪ್ಪಗಿರುವ ಅಥವಾ ತೆಳ್ಳಗಿರುವ ಮಗುವನ್ನು ಉದಾಹರಣೆ ಮಾಡಬೇಡಿ. ಮಗು ಪದೇಪದೇ ಹಸಿದು ಬರುವುದು ಕಂಡರೆ ಮಾರ್ಗದರ್ಶಕ ಶಿಕ್ಷಕರಿಗೆ ಖಾಸಗಿಯಾಗಿ ತಿಳಿಸಿ.

ಪ್ರಶಿಕ್ಷಣಾರ್ಥಿಗಳಿಗೆ, ಅವರ ಅಧ್ಯಾಪಕರಿಗೆ

ತೂಕ ಇಳಿಸಬೇಕಾದ ಪ್ರಶಿಕ್ಷಣಾರ್ಥಿ ತಿಂಡಿ ಬಿಡಬೇಕೋ ಬೇಡವೋ ಎಂಬುದಕ್ಕಿಂತ ಹನ್ನೊಂದು ಗಂಟೆಗೆ ಮತ್ತು ರಾತ್ರಿ ಏನು ತಿನ್ನುತ್ತೇನೆ ಎಂದು ಒಂದು ವಾರ ಬರೆದಿಟ್ಟು ನೋಡುವುದು ಹೆಚ್ಚು ಉಪಯುಕ್ತ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಗರ್ಭಿಣಿಯರು, ರಕ್ತಹೀನತೆ ಇರುವವರು ವೈದ್ಯರನ್ನು ಕೇಳದೆ ತಿಂಡಿ ಬಿಡಬಾರದು. ಮಧುಮೇಹದವರಲ್ಲಿ ರಕ್ತದ ಸಕ್ಕರೆ ಹಠಾತ್ತನೆ ಕುಸಿಯಬಹುದು.

ಇನ್ನು ಪಾಠ ವೀಕ್ಷಣೆಗೆ ಹೋಗುವ ಅಧ್ಯಾಪಕರು. ಮೊದಲ ಅವಧಿಯಲ್ಲಿ ಧ್ವನಿ ಕುಗ್ಗಿದ, ಕೈ ನಡುಗುವ ಪ್ರಶಿಕ್ಷಣಾರ್ಥಿಯ ವೀಕ್ಷಣಾ ನಮೂನೆಯಲ್ಲಿ ‘ಆತ್ಮವಿಶ್ವಾಸದ ಕೊರತೆ’ ಎಂದು ಬರೆಯುವ ಮುನ್ನ, ಬೆಳಿಗ್ಗೆ ಎಷ್ಟು ಗಂಟೆಗೆ ಮನೆ ಬಿಟ್ಟಿರಿ, ಏನಾದರೂ ತಿಂದಿರಾ ಎಂದು ಪಕ್ಕಕ್ಕೆ ಕರೆದು ಕೇಳಬಹುದು. ದೂರದ ತಾಲ್ಲೂಕಿನಿಂದ ಬರುವವರಿಗೆ ಎರಡನೆಯ ಅಥವಾ ಮೂರನೆಯ ಅವಧಿಯನ್ನು ಹಂಚಿಕೊಡುವುದು ವೇಳಾಪಟ್ಟಿಯಲ್ಲಿ ಕಷ್ಟದ ಬದಲಾವಣೆಯೇನಲ್ಲ.